ಕೆಂಪು ದಾರದ ಗಂಟುಗಳು

"ಗುರುಗಳೇ, ಪಾಠಕ್ಕೆ ತಡವಾಗಿ ಬಂದವರನ್ನು ಹೊರಗೇ ನಿಲ್ಲಿಸಿ ಬಾಗಿಲು ಹಾಕಿದರೆ ತಪ್ಪೇನು?"

ಕೇಳಿದವನು ಮುರಿಗೆಯ್ಯ. ಅವನು ಮಠಕ್ಕೆ ಬಂದು ಐದು ವರ್ಷವಾಗಿತ್ತು. ಬೆಳಿಗ್ಗೆ ಎಲ್ಲರ ಸ್ನಾನಕ್ಕೆ ನೀರು ಕಾಯಿಸುವುದು ಅವನ ಪಾಲಿನ ಕೆಲಸ. ಈಚೆಗೆ ಅರ್ಧಕ್ಕರ್ಧ ಶಿಷ್ಯರು ಪಾಠ ಶುರುವಾದ ಮೇಲೆ ಒದ್ದೆ ತಲೆಯಲ್ಲೇ ಓಡಿಬಂದು ಕೂರುತ್ತಿದ್ದರು. ಕಾದ ಮೊದಲ ನೀರಿನಲ್ಲೇ ಸ್ನಾನ ಮುಗಿಸುವ ಮುರಿಗೆಯ್ಯ ಮಾತ್ರ ಒಂದು ದಿನವೂ ತಡ ಮಾಡಿದವನಲ್ಲ. ಬಾಗಿಲು ಹಾಕುವ ಅಧಿಕಾರವನ್ನು ತನಗೇ ಕೊಡಬೇಕೆಂದು ಕೇಳಿಕೊಂಡ.

ಗುರುಗಳು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಕೂತುಕೊಳ್ಳಲು ಹೇಳಿ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ನೂಲಿಗೆ ಬಣ್ಣ ಹಾಕುವ ಹೆಂಗಸೊಬ್ಬಳಿದ್ದಳು. ಅವಳ ಕೈಯ ಕೆಂಪಿಗೆ ಸುತ್ತಲಿನ ಊರುಗಳಲ್ಲೂ ಹೆಸರಿತ್ತು. ಆ ಕೆಂಪು ನೂಲಿಗೆ ಹತ್ತುವುದು ಬೀದಿಯ ಹಿಂದಿನ ಬಾವಿಯ ನೀರಿನಲ್ಲಿ ಮಾತ್ರ. ಹೊಳೆಯ ನೀರಿನಲ್ಲಿ ಅದ್ದಿದರೆ ಒಂದೇ ಒಗೆತಕ್ಕೆ ಬಿಟ್ಟುಹೋಗುತ್ತಿತ್ತು. ಒಂದು ವರ್ಷ ಪಕ್ಕದ ವರ್ತಕ ಬಾವಿಯ ದಾರಿ ತನ್ನದೆಂದು ಹೇಳಿ ಅಡ್ಡಲಾಗಿ ಗೋಡೆ ಕಟ್ಟಿಸಿದ. ಹೆಂಗಸು ವಕೀಲನೊಬ್ಬನನ್ನು ಹಿಡಿದು ದಾವೆ ಹೂಡಿದಳು. ನ್ಯಾಯಾಧೀಶ ವಯಸ್ಸಾದವನು, ಪೀಠದಲ್ಲೇ ತೂಕಡಿಸುವವನು. ಆದರೂ ತೀರ್ಪು ಬರುವವರೆಗೆ ಗೋಡೆಯಲ್ಲಿ ಒಂದು ಸಣ್ಣ ಬಾಗಿಲು ಬಿಡಬೇಕು, ಅವಳು ದಿನಕ್ಕೆ ಎರಡು ಕೊಡ ನೀರು ಒಯ್ಯಬಹುದು ಎಂದು ಆಜ್ಞೆ ಮಾಡಿದ. ಎರಡು ಕೊಡಕ್ಕೆ ಒಂದು ಬಾನಿ ಕೆಂಪು. ಅಷ್ಟರಲ್ಲೇ ಅವಳ ಸಂಸಾರ ನಡೆಯಬೇಕು.

ತೀರ್ಪು ಬರಲಿಲ್ಲ. ವಾಯಿದೆಯ ಮೇಲೆ ವಾಯಿದೆ ಬಿತ್ತು. ಹೀಗೇ ಹನ್ನೊಂದು ವರ್ಷ ಕಳೆಯಿತು.

ಎರಡನೆಯ ವರ್ಷವೇ ಹೆಂಗಸಿನ ತಲೆಯಲ್ಲಿ ಅನುಮಾನದ ಹುಳು ಹೊಕ್ಕಿತು. ಮೊದಲು ಕೋರ್ಟಿನ ಗುಮಾಸ್ತನ ಮೇಲೆ. ಅವನ ಹೆಂಡತಿ ಹೊಸ ಸೀರೆ ಉಟ್ಟಾಗ, ಅದು ವರ್ತಕನ ಅಂಗಡಿಯದೇ ಇರಬೇಕೆಂದು ಸೆರಗು ಹಿಡಿದು ನೋಡಿ ಬಂದಳು. ಆಮೇಲೆ ಹೆಸರು ಕೂಗುವ ಜವಾನನ ಮೇಲೆ. ಬೇರೆಯವರ ಹೆಸರನ್ನು ಗಂಟಲು ಹರಿಯುವ ಹಾಗೆ ಕೂಗುವವನು ತನ್ನ ಹೆಸರು ಬಂದಾಗ ಮೆತ್ತಗಾಗುತ್ತಾನೆ ಎಂದಳು. ನ್ಯಾಯಾಧೀಶನ ತೂಕಡಿಕೆಯೂ ನಾಟಕವಿರಬಹುದೆಂದು ಒಂದು ದಿನ ಬಾಗಿಲಲ್ಲಿ ನಿಂತು ಜೋರಾಗಿ ಕೆಮ್ಮಿ ನೋಡಿದಳು. ಪಾಪ, ಆ ಮನುಷ್ಯ ನಿಜವಾಗಿಯೂ ನಿದ್ದೆ ಮಾಡುತ್ತಿದ್ದ.

ತನ್ನ ವಕೀಲನ ಮೇಲೆ ಮಾತ್ರ ಅವಳಿಗೆ ಅನುಮಾನ ಬರಲಿಲ್ಲ. ಹೇಗೆ ಬಂದೀತು? ಪ್ರತಿ ಸಲವೂ ಅವನು ಅವಳಿಗಿಂತ ಹೆಚ್ಚು ನೊಂದುಕೊಂಡು ಹೊರಗೆ ಬರುತ್ತಿದ್ದ. ಕೋರ್ಟು ಕೆಟ್ಟುಹೋಗಿದೆ ಎನ್ನುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ.

ಆ ಕೋರ್ಟಿನಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ದಾವೆಯ ಕಾಗದದ ಕಟ್ಟಿಗೆ ಎರಡು ದಾರ. ದಾವೆ ಹೂಡಿದವರದು ಕೆಂಪು, ಎದುರು ಪಕ್ಷದವರದು ನೀಲಿ. ಯಾರ ಕಡೆಯವರು ವಾಯಿದೆ ಕೇಳುತ್ತಾರೋ ಅವರ ದಾರಕ್ಕೆ ಗುಮಾಸ್ತ ಒಂದು ಗಂಟು ಹಾಕುತ್ತಿದ್ದ. ದಾರ ಸಾಲದಾದರೆ ಇನ್ನೊಂದು ತುಂಡು ಜೋಡಿಸುತ್ತಿದ್ದ. ಕಕ್ಷಿಗಾರರು ಕಟಕಟೆಯ ಆಚೆ ನಿಲ್ಲಬೇಕು. ಅವರಿಗೆ ಒಳಗಿನ ಮಾತು ಕೇಳಿಸುತ್ತಿರಲಿಲ್ಲ, ಕಟ್ಟೂ ಕಾಣಿಸುತ್ತಿರಲಿಲ್ಲ.

ಈ ದಾರಗಳಿಗೆ ಬಣ್ಣ ಹಾಕಿಕೊಡುತ್ತಿದ್ದವಳು ಇದೇ ಹೆಂಗಸು. ಹಾಗಾಗಿ ಪದ್ಧತಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಕಟ್ಟಿನ ನೀಲಿ ದಾರದಲ್ಲಿ ಗಂಟು ಹಾಕಲು ಜಾಗವೇ ಉಳಿದಿರಲಾರದು ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಕೋರ್ಟಿನಿಂದ ವರ್ಷ ವರ್ಷವೂ ಹೆಚ್ಚು ಹೆಚ್ಚು ಕೆಂಪು ದಾರಕ್ಕೆ ಕರೆ ಬರುತ್ತಿತ್ತು. ತನ್ನ ಕೆಂಪು ಅವರಿಗೂ ಹಿಡಿಸಿದೆ ಎಂದು ಅವಳು ಹಿಗ್ಗಿದಳು. ಊರಿನವರನ್ನೆಲ್ಲ ಅನುಮಾನಿಸಿದವಳು ಅದನ್ನೊಂದು ಅನುಮಾನಿಸಲಿಲ್ಲ.

ಹಳೆಯ ನ್ಯಾಯಾಧೀಶ ಇನ್ನು ಸಾಕೆಂದ. ಆ ಊರಿನಲ್ಲಿ ನ್ಯಾಯಾಧೀಶನನ್ನು ಊರಿನವರೇ ಆರಿಸುತ್ತಿದ್ದರು, ಮನೆಗೊಂದು ಮತ. ಈ ವಕೀಲ ಚುನಾವಣೆಗೆ ನಿಂತ. ತನ್ನ ಕೋರ್ಟಿನಲ್ಲಿ ವಾಯಿದೆಯೇ ಇರುವುದಿಲ್ಲ, ಕರೆದ ದಿನವೇ ತೀರ್ಪು, ಕಕ್ಷಿಗಾರರು ತನ್ನ ಮೇಜಿನ ಮುಂದೆಯೇ ನಿಲ್ಲುತ್ತಾರೆ ಎಂದು ಬೀದಿ ಬೀದಿಯಲ್ಲಿ ಸಾರಿದ.

ಅವಳಿದ್ದ ಬಣ್ಣಗಾರರ ಬೀದಿಯವರು ನಂಬಲಿಲ್ಲ. ಗೆಲ್ಲುವ ತನಕ ಎಲ್ಲರೂ ಹೀಗೇ ಎಂದರು. ಆಗ ಹೆಂಗಸು ಮನೆ ಮನೆಗೆ ಹೋಗಿ ಅವನ ಪರವಾಗಿ ಮಾತಾಡಿದಳು. ಗುಮಾಸ್ತನ ಹೆಂಡತಿಯ ಸೆರಗನ್ನೂ ಬಿಡದವಳು ಇವನನ್ನು ಒಪ್ಪಿದ್ದಾಳೆ ಎಂದ ಮೇಲೆ ಬೀದಿಯವರು ಇನ್ನೇನು ಯೋಚಿಸಬೇಕು? ಅವಳ ಅನುಮಾನವೇ ಅವನಿಗೆ ಜಾಮೀನಾಯಿತು.

ಚುನಾವಣೆಗೆ ಒಂದು ವಾರವಿದ್ದಾಗ ಅವಳ ದಾವೆಯ ದಿನ ಬಂತು. ಬಾವಿ ತೋಡಿದ ಮುದುಕ ಸಾಕ್ಷಿ ಹೇಳಲು ಬಂದಿದ್ದ. ದಾರಿ ಬಣ್ಣಗಾರರದೆಂದು ಕಣ್ಣಾರೆ ಬಲ್ಲವರಲ್ಲಿ ಬದುಕಿದ್ದವನು ಅವನೊಬ್ಬನೇ. ಹನ್ನೊಂದು ವರ್ಷವೂ ತನ್ನ ಹಳ್ಳಿಯಿಂದ ನಡೆದು ಬಂದು, ಕೋರ್ಟಿನ ಮೆಟ್ಟಿಲ ಮೇಲೆ ಕೂತು, ಹಾಗೇ ವಾಪಸು ಹೋದವನು. ಅಂದೂ ವಕೀಲ ಒಳಗೆ ಹೋದವನೇ ಹೊರಗೆ ಬಂದ. ದಾವೆ ಮತ್ತೆ ಮುಂದೆ ಹೋಯಿತೆಂದು ಹೇಳಿ, ಪೇಟೆಯಲ್ಲಿ ತನ್ನ ಭಾಷಣವಿದೆ ಎಂದು ಅವಸರದಿಂದ ನಡೆದ. ಹೆಂಗಸು ವರ್ತಕನಿಗೆ ಹಿಡಿಶಾಪ ಹಾಕಿದಳು. ಮುದುಕನನ್ನು ಕಳಿಸಿ, ಭಾಷಣಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂತಳು.

ವಕೀಲ ಗೆದ್ದ. ಬಣ್ಣಗಾರರ ಬೀದಿಯ ಮತದಿಂದಲೇ ಗೆದ್ದ.

ಹೊಸ ಕೋರ್ಟಿನ ಮೊದಲ ದಿನ, ಮೊದಲ ದಾವೆ ಅವಳದೇ. ಊರಿಗಿದ್ದುದು ಒಂದೇ ಕೋರ್ಟು. ತಾನು ವಾದಿಸಿದ ದಾವೆಯಲ್ಲಿ ತಾನೇ ತೀರ್ಪು ಕೊಡಬಹುದೇ ಎಂದು ಹೊಸ ನ್ಯಾಯಾಧೀಶ ಎರಡೂ ಕಡೆಯವರನ್ನು ಕೇಳಿದ. ಹೆಂಗಸು ಸಂತೋಷದಿಂದ ಒಪ್ಪಿದಳು. ವರ್ತಕನೂ ತನ್ನ ತಕರಾರಿಲ್ಲ ಎಂದು ನಕ್ಕ.

ಸಾಕ್ಷಿಯನ್ನು ಕೂಗಿದರು. ಮುದುಕ ಬಂದಿರಲಿಲ್ಲ. ಜ್ವರ ಬಂದು ಹಳ್ಳಿಯಲ್ಲಿ ಮಲಗಿದ್ದ.

"ಎಂಟು ದಿನ ಕೊಡಿ ಸ್ವಾಮಿ. ಗಾಡಿ ಕಟ್ಟಿಸಿಕೊಂಡು ಹೋಗಿ ನಾನೇ ಕರ್ಕೊಂಡು ಬರ್ತೀನಿ."

"ಇಲ್ಲಿ ವಾಯಿದೆ ಇಲ್ಲ ತಾಯಿ. ಮನೆ ಮನೆಗೆ ಹೋಗಿ ನೀವೂ ಹೇಳಿದ ಮಾತಲ್ಲವೇ?"

ಕೋರ್ಟಿನಲ್ಲಿ ಜನ ಕಿಕ್ಕಿರಿದಿದ್ದರು. ಹಳೆಯ ಕಕ್ಷಿಗಾರ್ತಿಗೆ ದಾಕ್ಷಿಣ್ಯ ತೋರಿಸಿದ ಎಂದು ಮೊದಲ ದಿನವೇ ಯಾರೂ ಅನ್ನಬಾರದಲ್ಲ. ಹೆಂಗಸು ತಲೆ ತಗ್ಗಿಸಿದಳು. ಎದುರಿಗೆ ಮೇಜಿನ ಮೇಲೆ ಅವಳ ದಾವೆಯ ಕಟ್ಟಿತ್ತು. ಅದನ್ನು ಅವಳು ಹತ್ತಿರದಿಂದ ಕಂಡದ್ದು ಅದೇ ಮೊದಲು.

ನೀಲಿ ದಾರದಲ್ಲಿ ಮೂರು ಗಂಟು. ಕೆಂಪು ದಾರದಲ್ಲಿ ಗಂಟಿನ ಪಕ್ಕ ಗಂಟು. ಸಾಲದೆ ನಾಲ್ಕು ಕಡೆ ದಾರ ಜೋಡಿಸಿದ್ದರು. ಹಳೆಯ ಗಂಟುಗಳು ಮಾಸಿದ್ದವು. ಕೊನೆಯದು ಹೊಸದಾಗಿತ್ತು, ಪೇಟೆಯ ಭಾಷಣದ ದಿನದ್ದು. ಆ ಕೆಂಪು ಯಾರ ಕೈಯದು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ವಕೀಲನ ತಂಗಿಯ ಮದುವೆ, ಮೇಲಿನೂರಿನಲ್ಲಿ ಅವನ ಇನ್ನೊಂದು ದಾವೆ, ಕಾಗದ ಸಿದ್ಧವಾಗದ ದಿನಗಳು, ಎಲ್ಲ ಅವಳಿಗೆ ಒಂದೊಂದಾಗಿ ನೆನಪಾದವು. ಗುಮಾಸ್ತನ ಹೆಂಡತಿಯ ಸೆರಗು ಹಿಡಿದದ್ದೂ ನೆನಪಾಯಿತು. ಸಿಟ್ಟು ಬರುವ ಮೊದಲು ನಾಚಿಕೆಯಾಯಿತು.

"ಸ್ವಾಮಿ, ಈ ಗಂಟೆಲ್ಲ ಹಾಕಿಸಿದೋರು ಯಾರು?" ಎಂದಳು.

ನ್ಯಾಯಾಧೀಶ ದಾರವನ್ನು ಬಹಳ ಹೊತ್ತು ನೋಡಿದ. ಅಷ್ಟು ಗಂಟುಗಳನ್ನು ಒಟ್ಟಿಗೆ ಅವನೂ ಅಂದೇ ಕಂಡಿರಬೇಕು. ಆಮೇಲೆ, ಇದು ಹಳೆಯ ಕೋರ್ಟಿನ ಪದ್ಧತಿ, ವಾಯಿದೆಯೇ ಇಲ್ಲದ ಮೇಲೆ ದಾರವೇಕೆ ಎಂದು ಕತ್ತರಿ ತರಿಸಿದ. ಗುಮಾಸ್ತ ಎರಡೂ ದಾರಗಳನ್ನು ಕತ್ತರಿಸಿ ಬುಟ್ಟಿಗೆ ಹಾಕಿದ. ಸಾಕ್ಷಿಯಿಲ್ಲದ ದಾವೆ ವಜಾ ಆಯಿತು. ಆಡಿದಂತೆ ನಡೆದ ಎಂದು ಊರು ಅವನನ್ನು ಕೊಂಡಾಡಿತು. ಸಂಜೆಯೊಳಗೆ ವರ್ತಕ ಗೋಡೆಯ ಸಣ್ಣ ಬಾಗಿಲಿಗೂ ಕಲ್ಲು ಕಟ್ಟಿಸಿದ. ಆ ಬೀದಿಯಲ್ಲಿ ಮತ್ತೆ ಯಾರೂ ಕೆಂಪು ಬಣ್ಣ ಹಾಕಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಮುರಿಗೆಯ್ಯನ ಮುಖ ಕೆಂಪಾಗಿತ್ತು.

"ಇದು ಅನ್ಯಾಯ ಗುರುಗಳೇ! ತಡ ಮಾಡಿದವನು ಅವನು, ಬಾಗಿಲು ಮುಚ್ಚಿದ್ದು ಅವಳಿಗೆ!"

ಗುರುಗಳು ಅವನನ್ನೇ ನೋಡಿದರು.

"ಇವತ್ತು ಸ್ನಾನದ ಒಲೆಗೆ ಬೆಂಕಿ ಹಚ್ಚಿದ್ದು ಎಷ್ಟು ಹೊತ್ತಿಗೆ, ಮುರಿಗೆಯ್ಯ?"

ಮರುದಿನ ಮುರಿಗೆಯ್ಯ ಕೋಳಿ ಕೂಗುವ ಮೊದಲೇ ಎದ್ದು ಒಲೆಗೆ ಬೆಂಕಿ ಹಚ್ಚಿದ.