ಪಾದ ಕಟ್ಟಿಸಿಕೊಂಡ ಎಳೆ

ಮನುಷ್ಯನ ಸಣ್ಣ ಕರುಳಿನೊಳಗೆ ಮೂರು ದಿನ ತಂಗಿ ಬಂದವನು ನಾನು. ಸುಳ್ಳು, ಅದರ ಬಾಗಿಲ ತನಕವೂ ಹೋದವನಲ್ಲ. ಕಥೆ ಮಾತ್ರ ಕೇಳಿ.

ಆ ಕರುಳಿನ ಒಂದೊಂದು ಜೀವಕೋಶದ ಮೇಲೂ ಅನ್ನದ ಸಾರ ಹೀರುವ ಸಾವಿರಾರು ಪುಟ್ಟ ಬೆರಳುಗಳಿವೆ. ಅಂಥ ಒಂದು ಬೆರಳಿನೊಳಗೆ ಆಕ್ಟಿನ್ ಎಂಬ ಪ್ರೋಟೀನಿನ ಮಣಿಗಳಿಂದಾದ ಎಳೆಯೊಂದು ನೆಟ್ಟಗೆ ನಿಂತಿತ್ತು. ಅಕ್ಕಪಕ್ಕದ ಎಳೆಗಳ ಜತೆ ಅದನ್ನು ಕಟ್ಟಿ ನಿಲ್ಲಿಸಿದ್ದವಳು ವಿಲಿನಕ್ಕ, ಅವಳೂ ಪ್ರೋಟೀನೇ. ಎಳೆಯ ತಲೆಗೆ ಹೊಸ ಮಣಿ ಸೇರುತ್ತಿತ್ತು, ಪಾದದಿಂದ ಹಳೆಯ ಮಣಿ ಕಳಚುತ್ತಿತ್ತು. ಎಲ್ಲರಿಗಿಂತ ಎತ್ತರ ಬೆಳೆಯುವ ಹಂಬಲದ ಎಳೆ ಒಂದು ದಿನ ಕೆಳಗೆ ನೋಡಿ ಕಿರುಚಿತು: "ಅಕ್ಕಾ, ಕಳ್ಳತನ! ನನ್ನ ಪಾದ ಬಿಗಿಯಾಗಿ ಕಟ್ಟು!"

"ಬೇಡ ಕಣೋ."

"ಕಟ್ಟು ಅಂದ್ರೆ ಕಟ್ಟು!"

ವಿಲಿನಕ್ಕ ಕಟ್ಟಿದಳು. ಆ ಕ್ಷಣದಿಂದ ತಲೆಗೆ ಒಂದು ಮಣಿಯೂ ಬರಲಿಲ್ಲ. ಅಷ್ಟರಲ್ಲಿ ರಾಗಿ ಗಂಜಿ ರಭಸದಿಂದ ನುಗ್ಗಿತು. ಎಳೆಯ ತುದಿ ಮುರಿದು ಬೆರಳೇ ವಾಲತೊಡಗಿತು.

"ಅಯ್ಯೋ, ಬಿಚ್ಚಕ್ಕಾ! ಎಲ್ಲರೂ ಬಿದ್ದುಹೋಗ್ತೀವಿ!"

ಅವಳು ಬಿಚ್ಚಿದ್ದೇ ತಡ, ಪಾದದ ಮಣಿಯೊಂದು ಕಳಚಿ, ಸರಸರನೆ ಮೇಲೇರಿ, ತಲೆಯ ಮೇಲೆ ಕೂತಿತು! ಅದರ ಹಿಂದೆ ಇನ್ನೊಂದು, ಮತ್ತೊಂದು! ಬೆರಳು ನೆಟ್ಟಗಾಯಿತು.

"ನಿನ್ನನ್ನು ಎಲ್ಲೋ ನೋಡಿದ ಹಾಗಿದೆಯಲ್ಲ?" ಎಂದಿತು ಎಳೆ.

"ನೋಡದೆ ಏನು ಸ್ವಾಮಿ! ಈಗ ತಾನೇ ನಿಮ್ಮ ಪಾದದಲ್ಲಿದ್ದೆ. ಅದಕ್ಕೂ ಮೊದಲು ತಲೆಯ ಮೇಲೆ."

ಕೈಬಿಟ್ಟದ್ದು ತಿರುಗಿ ಬರುತ್ತದೆ ಅಂತ ನಿಮಗೂ ನಂಬಿಕೆ ಬಂತಲ್ಲ? ಹಾಗಾದರೆ ನನ್ನ ಚಹಾದ ದುಡ್ಡು ನೀವೇ ಕೊಟ್ಟುಬಿಡಿ.