ಗೋಡೆಯಾಚೆಯ ಸುತ್ತಿಗೆ

“ಗುರುಗಳೇ, ಮಗಳು ಏಳನೇ ತರಗತಿ ಮುಗಿಸಿದ್ದಾಳೆ. ಇನ್ನು ಪ್ರೌಢಶಾಲೆಗೆ ಸೇರಿಸಬೇಕು. ಶಿಸ್ತಿನ ಶಾಲೆಗೆ ಹಾಕಲೋ, ಅಕ್ಕರೆಯ ಶಾಲೆಗೆ ಹಾಕಲೋ?”

ಸೋಮಲಿಂಗ ಹೀಗೆ ಕೇಳಿದ. ಗುರುಗಳು ಮಠದ ಜಗಲಿಯಲ್ಲಿ ಕುಳಿತಿದ್ದರು. ಶಿಷ್ಯ ಮುಂದುವರಿಸಿದ. ಒಂದು ಶಾಲೆಯಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಪಾಠ ಒಪ್ಪಿಸದ ಮಗು ಬಾಗಿಲ ಹೊರಗೆ ನಿಲ್ಲಬೇಕು. ಇನ್ನೊಂದರಲ್ಲಿ ಗದರುವುದೇ ಇಲ್ಲ. ಉತ್ತರ ಬಾರದ ಮಗುವಿನ ಪಕ್ಕಕ್ಕೆ ಮೇಷ್ಟ್ರೇ ಬಂದು ಕೂರುತ್ತಾರಂತೆ. ಎರಡನ್ನೂ ಅವನು ಹೋಗಿ ನೋಡಿ ಬಂದಿದ್ದ.

“ನನ್ನ ಷಡ್ಡಕ ಫಕೀರಪ್ಪನ ಮಗ ಆ ಶಿಸ್ತಿನ ಶಾಲೆಯಲ್ಲಿ ಓದುತ್ತಿದ್ದಾನೆ,” ಎಂದ ಸೋಮಲಿಂಗ. “ಮೊನ್ನೆ ಮಾವನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಆ ಹುಡುಗ ಕೇಳಿದ್ದಕ್ಕೆಲ್ಲ ಎದ್ದು ನಿಂತು ಪಟಪಟನೆ ಉತ್ತರ ಹೇಳಿದ. ಮಾವನವರು ಅವನ ಬೆನ್ನು ತಟ್ಟಿದ್ದೇ ತಟ್ಟಿದ್ದು. ಫಕೀರಪ್ಪ ನನ್ನ ಕಡೆ ತಿರುಗಿ ನಕ್ಕ. ನನ್ನ ಮಗಳೋ, ಅಜ್ಜಿಯ ಹಿಂದೆ ಹೋಗಿ ನಿಂತುಬಿಟ್ಟಿದ್ದಳು. ಅವತ್ತು ನಾನು ಊಟ ಅರ್ಧಕ್ಕೇ ಬಿಟ್ಟು ಎದ್ದೆ ಗುರುಗಳೇ. ಇವಳಿಗೂ ಅದೇ ಶಾಲೆ ಸರಿ ಅನ್ನಿಸಿದೆ. ತಾವೊಮ್ಮೆ ಹೂಂ ಅಂದರೆ ನಾಳೆಯೇ ಸೇರಿಸಿಬಿಡುತ್ತೇನೆ.”

“ಹೂಂ ಅನ್ನಿಸಿಕೊಳ್ಳಲು ಬಂದವನು ಪ್ರಶ್ನೆ ಯಾಕೆ ಕೇಳಿದೆಯಪ್ಪ?” ಎಂದರು ಗುರುಗಳು. “ಇರಲಿ, ಕೂತುಕೋ. ಒಂದು ಕತೆ ಹೇಳುತ್ತೇನೆ.”

ಸೋಮಲಿಂಗ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಇಬ್ಬರು ಕಂಚುಗಾರರಿದ್ದರು. ಒಬ್ಬ ಮೌನಾಚಾರಿ, ಇನ್ನೊಬ್ಬ ಗಂಗಾಚಾರಿ. ಇಬ್ಬರೂ ಒಬ್ಬನೇ ಗುರುವಿನ ಹತ್ತಿರ ಕೆಲಸ ಕಲಿತವರು. ಇಬ್ಬರ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಇವನ ಮನೆಯಲ್ಲಿ ಕೆಮ್ಮಿದರೆ ಅವನ ಮನೆಯಲ್ಲಿ ಕೇಳಿಸುತ್ತಿತ್ತು. ಸುತ್ತಿಗೆಯ ಸದ್ದಿನ ಮಾತಂತೂ ಹೇಳಲೇಬೇಕಾಗಿಲ್ಲ.

ತಾಮ್ರದ ಗುಣ ನಿನಗೆ ಗೊತ್ತಿರಲಿಕ್ಕಿಲ್ಲ. ಬಡಿದಷ್ಟೂ ಅದು ಗಡಸಾಗುತ್ತ ಹೋಗುತ್ತದೆ. ಗಡಸಾದದ್ದನ್ನು ಬೆಂಕಿಗೆ ಹಿಡಿದರೆ ಮತ್ತೆ ಮೆದುವಾಗುತ್ತದೆ. ಬಡಿಯಬೇಕು, ಕಾಯಿಸಬೇಕು, ಮತ್ತೆ ಬಡಿಯಬೇಕು. ಯಾವಾಗ ಸುತ್ತಿಗೆ ಕೆಳಗಿಡಬೇಕು ಎಂಬುದನ್ನು ತಗಡೇ ತಿಳಿಸುತ್ತದೆ. ಸದ್ದು ಚೂಪಾಗುತ್ತದೆ, ಸುತ್ತಿಗೆ ಕೈಯಲ್ಲಿ ಪುಟಿಯತೊಡಗುತ್ತದೆ. ಕೆಲಸ ಬಲ್ಲವನ ಅಂಗೈಗೆ ಅದು ಗೊತ್ತಾಗುತ್ತದೆ. ಮೌನಾಚಾರಿಗೂ ಗೊತ್ತಾಗುತ್ತಿತ್ತು. ಅವನೇನು ಕೆಲಸ ಬಾರದ ದಡ್ಡನಲ್ಲ, ತಿಳಿಯಿತೇ?

ಆ ಊರಿನ ಕಂಚುಗಾರರಲ್ಲಿ ಒಂದು ಪದ್ಧತಿಯಿತ್ತು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅಪ್ಪ ತನ್ನ ಕೈಯಾರೆ ಬಡಿದ ತಾಮ್ರದ ಹಂಡೆಯನ್ನು ಜೊತೆಗೆ ಕಳಿಸಬೇಕು. ಒಂದೇ ತಗಡನ್ನು ಬಡಿದು ಎಬ್ಬಿಸಿದ ಹಂಡೆ ಅದಾಗಿರಬೇಕು. ಎಲ್ಲಿಯೂ ಬೆಸುಗೆ ಇರಕೂಡದು. ಮೊದಲ ದಿನ ಬೀಗರೆಲ್ಲ ನೋಡುತ್ತಿರುವಾಗ ಆ ಹಂಡೆಯಲ್ಲಿ ನೀರು ಕಾಯಿಸಿ ಮದುಮಗಳಿಗೆ ಎಣ್ಣೆ ನೀರು ಎರೆಯುತ್ತಾರೆ. ಹಂಡೆ ಚೆನ್ನಾಗಿದ್ದರೆ ಹುಡುಗಿ ತಲೆ ಎತ್ತಿಕೊಂಡು ಆ ಮನೆಯೊಳಗೆ ಓಡಾಡುತ್ತಾಳೆ. ಹಂಡೆಯಲ್ಲಿ ಕುಂದು ಕಂಡಿತೋ, ಅವಳು ಮುದುಕಿಯಾಗಿ ಮೊಮ್ಮಕ್ಕಳನ್ನು ಎತ್ತಿಕೊಂಡರೂ ಆ ಮನೆಯವರು ಅದನ್ನೇ ಎತ್ತಿ ಆಡುತ್ತಾರೆ.

ಹಿಂದಿನ ವರ್ಷ ಗಂಗಾಚಾರಿಯ ಹಿರಿಯ ಮಗಳ ಮದುವೆಯಾಗಿತ್ತು. ಅವಳ ಹಂಡೆಯನ್ನು ನೋಡಿದ ಜನ ಮೂಗಿನ ಮೇಲೆ ಬೆರಳಿಟ್ಟರು. ಎಲ್ಲಿ ತಟ್ಟಿದರೂ ಒಂದೇ ನಾದ, ಎಲ್ಲಿ ಸವರಿದರೂ ಒಂದೇ ನುಣುಪು. ಗಂಗಾಚಾರಿಯ ಕೈಯೆಂದರೆ ಕೈ ಎಂದು ಬೀದಿಯವರೆಲ್ಲ ಕೊಂಡಾಡಿದರು. ಮೌನಾಚಾರಿಯೂ ಆ ಮದುವೆಗೆ ಹೋಗಿದ್ದ. ‘ಪರವಾಗಿಲ್ಲ, ಆಗಿದೆ’ ಎಂದು ಎದುರಿಗೆ ಹೇಳಿ ಮನೆಗೆ ಬಂದ. ಬಂದವನೇ ಊಟ ಬೇಡ ಎಂದು ಗೋಡೆಗೆ ಮುಖ ಮಾಡಿ ಮಲಗಿದ. ಒಟ್ಟಿಗೆ ಕಲಿತವರು, ಒಂದೇ ಸುತ್ತಿಗೆ ಹಿಡಿದವರು. ಅವನಿಗೆ ಅಷ್ಟು ಹೆಸರು, ತನಗೆ ಮಾತ್ರ ಯಾಕಿಲ್ಲ?

ಅವತ್ತಿನಿಂದ ಅವನು ಗಂಗಾಚಾರಿಯ ಜೊತೆ ಮಾತು ಬಿಟ್ಟ. ಎದುರಿಗೆ ಬಂದರೆ ಧೋತರ ಸರಿಮಾಡಿಕೊಳ್ಳುವವನಂತೆ ಬಗ್ಗುತ್ತಿದ್ದ. ಗಂಗಾಚಾರಿ ಪಾಪ, ತಾನೇನು ತಪ್ಪು ಮಾಡಿದೆ ಎಂದು ಹೆಂಡತಿಯನ್ನು ಕೇಳಿದ. ಅವಳಿಗೂ ಗೊತ್ತಿರಲಿಲ್ಲ.

ಹೀಗಿರುವಾಗ ಮೌನಾಚಾರಿಯ ಒಬ್ಬಳೇ ಮಗಳು ಕಾಳಮ್ಮನಿಗೆ ಗಂಡು ಗೊತ್ತಾಯಿತು. ದೊಡ್ಡ ಮನೆತನ, ತುಂಬಿದ ಮನೆ. ಅದೇ ಲಗ್ನಗಾಲದಲ್ಲಿ ಗಂಗಾಚಾರಿಯ ಎರಡನೇ ಮಗಳಿಗೂ ಮದುವೆ ನಿಶ್ಚಯವಾಗಿತ್ತು. ಈ ಸಲ ಜನ ಎರಡು ಹಂಡೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗುತ್ತಾರೆ ಎಂದು ಮೌನಾಚಾರಿ ಲೆಕ್ಕ ಹಾಕಿದ. ಮಗಳ ಮದುವೆಯ ಸಡಗರ ಅವನ ಮನಸ್ಸಿಗೆ ಬರಲೇ ಇಲ್ಲ. ಗಂಗಾಚಾರಿಯ ಮುಖ ಸಣ್ಣದಾಗುವುದನ್ನು ನೋಡಬೇಕು ಎಂಬುದೊಂದೇ ಅವನ ಆಸೆ.

ಒಳ್ಳೆಯ ದಪ್ಪ ತಗಡು ತಂದು, ಒಳ್ಳೆಯ ದಿನ ನೋಡಿ ಕೆಲಸಕ್ಕೆ ಕೂತ. ಹೆಂಡತಿ ವೀರಮ್ಮ ಬೆಂಕಿ ಊದುವ ತಿದಿಯ ಹತ್ತಿರ ಕೂತಳು. ಅವನು ಮೊದಲ ಏಟು ಹಾಕಿದ್ದೇ ತಡ, ಗೋಡೆಯಾಚೆಯಿಂದಲೂ ಸುತ್ತಿಗೆಯ ಸದ್ದು ಶುರುವಾಯಿತು. ಮೌನಾಚಾರಿಯ ಕಿವಿ ನಿಮಿರಿತು. ಓಹೋ, ಅವನೂ ಮಗಳ ಹಂಡೆಗೆ ಕೂತಿದ್ದಾನೆ! ದಿನವೂ ಕೇಳುವ ಸದ್ದೆಂದು ಇಷ್ಟು ವರ್ಷ ಕಿವಿಗೊಟ್ಟಿರಲಿಲ್ಲ, ಅವನ ಗುಟ್ಟೇನು ಎಂಬುದು ಇವತ್ತು ಬಯಲಾಗುತ್ತದೆ.

ಅವನು ಬಡಿಯುತ್ತ ಬಡಿಯುತ್ತ ಆ ಕಡೆಯೇ ಕಿವಿ ಕೊಟ್ಟ. ಅಲ್ಲಿ ಏಟುಗಳು ನಿಲ್ಲುತ್ತಲೇ ಇರಲಿಲ್ಲ. ತಿದಿಯ ಉಸಿರು ಕೇಳಿಸುತ್ತಿರಲಿಲ್ಲ. ಕಾದ ತಾಮ್ರವನ್ನು ನೀರಿಗೆ ಅದ್ದುವ ಚುಂಯ್ ಎಂಬ ಸದ್ದೂ ಇಲ್ಲ. ಬರೀ ಟಣ್ ಟಣ್ ಟಣ್. ಇದೇನಾ ಗುಟ್ಟು ಎಂದುಕೊಂಡ ಮೌನಾಚಾರಿ. ಅವನು ತಾಮ್ರವನ್ನು ಮುದ್ದು ಮಾಡುವುದೇ ಇಲ್ಲ. ಸುತ್ತಿಗೆ ಕೆಳಗಿಡದೆ ಬಡಿಯುತ್ತಾನೆ, ಅದಕ್ಕೇ ಅವನ ಹಂಡೆ ಅಷ್ಟು ಗಟ್ಟಿ. ಇಷ್ಟು ವರ್ಷ ನಾನು ಬೆಂಕಿಗೆ ಇಟ್ಟು ಇಟ್ಟು ಕೆಡಿಸಿದೆ.

ಅಲ್ಲಿ ಒಂದು ಏಟು ಬಿದ್ದರೆ ಇವನೂ ಒಂದು ಏಟು ಹಾಕಿದ. ಅಲ್ಲಿ ಜೋರಾದರೆ ಇವನೂ ಜೋರಾದ. ಸ್ವಲ್ಪ ಹೊತ್ತಿಗೆ ತಗಡಿನ ಸದ್ದು ಚೂಪಾಯಿತು. ಸುತ್ತಿಗೆ ಕೈಯಲ್ಲಿ ಪುಟಿಯತೊಡಗಿತು.

“ಅಲ್ರೀ, ತಗಡು ಕಿರುಚ್ತಾ ಇದೆ,” ಎಂದಳು ವೀರಮ್ಮ. “ಒಂದ್ಸಲ ಬೆಂಕಿಗೆ ಇಡಬಾರ್ದಾ?”

“ಪಕ್ಕದ ಮನೆಯವನು ನಿಲ್ಲಿಸಿದ್ದಾನಾ?”

“ಅವರು ನಿಲ್ಲಿಸಿದ್ರೆ ನಮಗೇನು, ಬಿಟ್ರೆ ನಮಗೇನು? ಇದು ನಮ್ಮ ಮಗಳ ಹಂಡೆ.”

“ಅವನ ತಾಮ್ರಕ್ಕೇನು ಕೊಂಬು ಬಂದಿದೆಯಾ? ಅದು ತಡ್ಕೊಳ್ಳುತ್ತೆ ಅಂದ್ರೆ ಇದೂ ತಡ್ಕೊಳ್ಳಬೇಕು. ನೀನು ಬಾಯಿ ಮುಚ್ಕೊಂಡು ಕೂತ್ಕೋ.”

ವೀರಮ್ಮ ತಿದಿ ಬಿಟ್ಟು ಎದ್ದು ಒಳಗೆ ಹೋದಳು. ಮೌನಾಚಾರಿ ಹಲ್ಲು ಕಚ್ಚಿಕೊಂಡು ಬಡಿದ. ಅಂಗೈ ನಿಲ್ಲಿಸು ಎನ್ನುತ್ತಿತ್ತು, ಕಿವಿ ಬಡಿ ಎನ್ನುತ್ತಿತ್ತು. ಅವನು ಕಿವಿಯ ಮಾತು ಕೇಳಿದ. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಗೋಡೆಯಾಚೆ ಅಪರೂಪಕ್ಕೊಮ್ಮೆ ತಿದಿ ಊದಿದರೆ ಮಾತ್ರ ಇವನೂ ಬೆಂಕಿ ಮಾಡುತ್ತಿದ್ದ. ಹಂಡೆ ಎದ್ದಿತು. ನೋಡಲು ಚೆಂದವೇ ಇತ್ತು. ಆದರೆ ಕೊನೆಗೆ ಹೊಟ್ಟೆಯ ಭಾಗವನ್ನು ನುಣುಪು ಮಾಡುತ್ತಿದ್ದಾಗ ಒಳಗಿನಿಂದ ಟಿಕ್ ಎಂದಿತು. ಮೌನಾಚಾರಿ ಸುತ್ತಿಗೆ ಕೆಳಗಿಟ್ಟ. ಬೆಳಕಿಗೆ ಹಿಡಿದು ನೋಡಿದ. ಕೂದಲಿನಷ್ಟು ಸಣ್ಣ ಬಿರುಕು.

ಆಗಲಾದರೂ ಅವನು ಹೊಸ ತಗಡು ತರಬಹುದಿತ್ತು. ಅವಸರದಲ್ಲಿ ಕೂತು ಇನ್ನೊಂದು ಹಂಡೆ ಎಬ್ಬಿಸುವ ಕಸುಬು ಅವನ ಕೈಯಲ್ಲಿತ್ತು. ತರಲಿಲ್ಲ. ಯಾಕೆ ಗೊತ್ತೇ? ಮತ್ತೆ ಮೊದಲಿನಿಂದ ಬಡಿಯಲು ಶುರು ಮಾಡಿದರೆ ಗೋಡೆಯಾಚೆ ಕೇಳಿಸಿಬಿಡುತ್ತದೆ! ಮೌನಾಚಾರಿಯ ಹಂಡೆ ಒಡೆಯಿತು ಎಂದು ಗಂಗಾಚಾರಿಗೆ ತಿಳಿದುಬಿಡುತ್ತದೆ. ಅದೊಂದು ಆಗಬಾರದು ಎಂದು ಅವನು ಬಿರುಕಿಗೆ ಸದ್ದಿಲ್ಲದೆ ಬೆಸುಗೆ ಹಾಕಿದ. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಥಳಥಳ ಹೊಳೆಯಿಸಿದ. ವೀರಮ್ಮನಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ.

ಮದುವೆಯಾಯಿತು. ಮದುಮಗಳನ್ನು ಗಂಡನ ಮನೆ ತುಂಬಿಸಿದರು. ಕುಲದವರೆಲ್ಲ ಹೋಗಲೇಬೇಕಾದ ಶಾಸ್ತ್ರ ಅದು, ಹಾಗಾಗಿ ಗಂಗಾಚಾರಿಯೂ ಬಂದಿದ್ದ. ಅಂಗಳದಲ್ಲಿ ಒಲೆ ಹೂಡಿ ಹಂಡೆ ಇಟ್ಟರು. ನೀರು ತುಂಬಿದರು. ಕಾಳಮ್ಮ ತಲೆಗೆ ಎಣ್ಣೆ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತಿದ್ದಳು. ಹಂಡೆಯ ಹೊಳಪು ನೋಡಿ ಹೆಂಗಸರು ತಲೆದೂಗಿದರು. ಮೌನಾಚಾರಿ ಅವರ ಕಡೆ ನೋಡಲಿಲ್ಲ. ಗಂಗಾಚಾರಿಯ ಮುಖ ಹೇಗಾಗಿದೆ ಎಂದು ನೋಡುತ್ತಿದ್ದ.

ಉರಿ ಏರಿತು. ಹಂಡೆಯ ಹೊಟ್ಟೆಗೆ ಬೆಂಕಿ ತಾಗುತ್ತಿದ್ದಂತೆ ಬೆಸುಗೆ ಬಿಟ್ಟಿತು. ಮೊದಲು ಹನಿ, ಆಮೇಲೆ ಧಾರೆ. ನೀರೆಲ್ಲ ಒಲೆಗೆ ಸುರಿದು ಬೆಂಕಿ ಭುಸ್ಸೆಂದು ಆರಿತು. ಅಂಗಳದ ತುಂಬ ಹೊಗೆ, ಬೂದಿ. ಗಂಡಿನ ಸೋದರತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು, “ಅಪ್ಪ ಕಂಚುಗಾರನಂತೆ!” ಎಂದಳು. ಕೆಲವರು ನಕ್ಕರು. ಹೊತ್ತು ಮೀರುತ್ತದೆ ಎಂದು ಬಾವಿಯಿಂದ ತಣ್ಣೀರು ಸೇದಿ ತಂದು ಕಾಳಮ್ಮನ ತಲೆಗೆ ಸುರಿದರು. ತಣ್ಣೀರಿಗೆ ಎಣ್ಣೆ ಬಿಡಲಿಲ್ಲ. ಜಿಡ್ಡು ತಲೆಯಲ್ಲಿ, ನಡುಗುತ್ತ ಕೂತಿದ್ದ ಹುಡುಗಿ ಅಪ್ಪನ ಮುಖವನ್ನು ನೋಡಿದಳು. ಅವಳು ಅಳಲಿಲ್ಲ. ಏನಾಯಿತು ಎಂಬುದೇ ಅವಳಿಗೆ ಅರ್ಥವಾಗಿರಲಿಲ್ಲ.

ಗಂಗಾಚಾರಿ ಮುಂದೆ ಬಂದು ಹಂಡೆಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತ. ಬಿರುಕಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದ.

“ಮೌನಣ್ಣ, ಇದನ್ನು ಸರಿಯಾಗಿ ಬೆಂಕಿಗೇ ಇಟ್ಟಿಲ್ಲವಲ್ಲ! ನಿನಗೆ ಗೊತ್ತಿಲ್ಲದ ಕೆಲಸವೇ ಇದು?”

ವರ್ಷದಿಂದ ಅದುಮಿಟ್ಟದ್ದೆಲ್ಲ ಮೌನಾಚಾರಿಯ ಬಾಯಿಗೆ ಬಂತು. “ನನ್ನನ್ನು ಕೇಳ್ತೀಯಾ? ನೀನು ಬಡಿದೆಯಲ್ಲ, ಬೆಂಕಿ ಕಾಣಿಸದೆ ದಿನವೆಲ್ಲ ಬಡಿದೆಯಲ್ಲ! ಗೋಡೆಗೆ ಕಿವಿಯಿಟ್ಟು ಕೇಳಿದ್ದೇನೆ. ನಿನ್ನ ಹಂಡೆ ಮಾತ್ರ ಹೇಗೆ ಉಳೀತು?”

ಗಂಗಾಚಾರಿ ಪೆಚ್ಚಾಗಿ ಅವನನ್ನೇ ನೋಡಿದ. “ಯಾವ ಹಂಡೆ? ಮಗಳ ಹಂಡೆಯನ್ನು ಸುಗ್ಗಿಗೆ ಮೊದಲೇ ಮುಗಿಸಿ ಅಟ್ಟಕ್ಕೆ ಹಾಕಿದ್ದೆ. ನೀನು ಕೇಳಿಸಿಕೊಂಡದ್ದು ಹರಿವಾಣ. ಮದುವೆಗೆ ಅಂತ ಹರಿವಾಣ ತಟ್ತಾ ಇದ್ದೆ.”

ಹರಿವಾಣವೆಂದರೆ ಚಪ್ಪಟೆ ತಟ್ಟೆ. ಅದನ್ನು ಮೇಲಕ್ಕೆ ಎಬ್ಬಿಸುವುದೂ ಇಲ್ಲ, ಒಳಕ್ಕೆ ಬಗ್ಗಿಸುವುದೂ ಇಲ್ಲ. ಅದಕ್ಕೆ ಬೆಂಕಿ ಬೇಕಾಗುವುದೇ ಕಡಿಮೆ, ಹಗುರವಾಗಿ ತಟ್ಟುತ್ತ ಕೂತರಾಯಿತು. ಇದನ್ನು ಮೌನಾಚಾರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾತು ಬಿಡದೆ ಇದ್ದಿದ್ದರೆ ಗೋಡೆಯ ಈ ಕಡೆಯಿಂದಲೇ, ‘ಏನು ಮಾಡ್ತಿದ್ದೀಯೋ ಗಂಗಣ್ಣ’ ಎಂದು ಒಂದು ಕೂಗು ಹಾಕಿದ್ದರೆ ಮುಗಿದುಹೋಗುತ್ತಿತ್ತು. ಅವನು ಅಂಗಳದಲ್ಲಿ ನಿಂತೇ ಇದ್ದ. ಮಗಳನ್ನು ಒಳಗೆ ಕರೆದುಕೊಂಡು ಹೋದದ್ದೂ ಅವನಿಗೆ ತಿಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಸೋಮಲಿಂಗ ಕೇಳಿದ: “ಹಾಗಾದರೆ ಬಡಿಯುವುದು ತಪ್ಪು, ಅಕ್ಕರೆಯ ಶಾಲೆಯೇ ಸರಿ ಎನ್ನುತ್ತೀರಾ ಗುರುಗಳೇ?”

“ಬಡಿಯದೆ ಯಾವ ಹಂಡೆ ಎದ್ದಿದೆಯಪ್ಪ? ನಾನು ಹಾಗೆಲ್ಲಿ ಹೇಳಿದೆ?”

“ಅದಲ್ಲ,” ಎಂದು ಸೋಮಲಿಂಗ ತಡವರಿಸಿದ. “ನನ್ನ ಮಗಳ ಸ್ವಭಾವ ನನಗೆ ಗೊತ್ತು. ಗದರಿದರೆ ಅವಳಿಗೆ ಗೊತ್ತಿರುವುದೂ ಮರೆತುಹೋಗುತ್ತದೆ. ಆದರೆ ಮೆತ್ತಗಿನ ಶಾಲೆಗೆ ಸೇರಿಸಿದೆ ಎಂದು ತಿಳಿದರೆ ಫಕೀರಪ್ಪ ಮತ್ತೆ ನಗುತ್ತಾನೆ ಗುರುಗಳೇ.”

ಗುರುಗಳು ಅವನನ್ನೇ ನೋಡಿ ಕೇಳಿದರು: “ಫಕೀರಪ್ಪನಿಗೆ ಮಕ್ಕಳೇ ಇರದಿದ್ದರೆ, ನಿನ್ನ ಮಗಳನ್ನು ಯಾವ ಶಾಲೆಗೆ ಸೇರಿಸುತ್ತಿದ್ದೆ?”