ಅರೆಬೋಳವ್ವನ ಗುಡ್ಡ

ಎರಡು ಊರಿನವರು ಒಂದು ಮಾಲಿಗೆ ಕಾವಲು ಕೂತರು. ಕಳ್ಳ ಬರಲಿಲ್ಲ, ಬೀಗ ಒಡೆಯಲಿಲ್ಲ, ಇಲಿ ಕಡಿಯಲಿಲ್ಲ, ಬೆಂಕಿ ಬೀಳಲಿಲ್ಲ. ಆದರೂ ಮಾಲು ಚೂರೂ ಉಳಿಯದಂತೆ ಹೋಯಿತು, ಹೋದಮೇಲೂ ಕಾವಲು ಮಾತ್ರ ವರ್ಷಗಟ್ಟಲೆ ನಡೆಯಿತು. ಏನದು, ಹೇಳಿ ನೋಡೋಣ? ಬಿಡಿ, ತಲೆ ಕೆರೆದುಕೊಂಡು ಪ್ರಯೋಜನವಿಲ್ಲ. ಕಾವಲು ಕೂತವರಿಗೇ ಗೊತ್ತಾಗದೇ ಹೋದದ್ದು ನಿಮಗೆ ಎಲ್ಲಿಂದ ಗೊತ್ತಾಗಬೇಕು!

ಕಾರೇಹಳ್ಳಿಗೂ ಗುಂಡಿಗೆರೆಗೂ ನಡುವೆ ಇರುವ ಗುಡ್ಡವನ್ನು ಅರೆಬೋಳವ್ವನ ಗುಡ್ಡ ಎನ್ನುತ್ತಾರೆ. ದೂರದಿಂದ ನೋಡಿದರೆ ಹೆಸರು ಒಪ್ಪುವಂತೆಯೇ ಇದೆ. ಪಡುವಲ ಮಗ್ಗುಲಲ್ಲಿ ಕಾರೆ, ಕಮರ, ಸೀತಾಫಲ ಒತ್ತಾಗಿ ಬೆಳೆದು ಕುರಿ ನುಗ್ಗಿದರೆ ಕುರಿಯೇ ಕಾಣುವುದಿಲ್ಲ. ಮೂಡಲ ಮಗ್ಗುಲು ಮಾತ್ರ ಆಗಷ್ಟೇ ಕತ್ತಿ ಆಡಿಸಿದ ಹಾಗೆ ನುಣ್ಣನೆಯ ಬಂಡೆ. ನೆತ್ತಿಯ ಮೇಲೆ ಬಡಗಲಿಂದ ತೆಂಕಲಿಗೆ ಒಂದು ಕಾಲುದಾರಿ, ಬೈತಲೆ ತೆಗೆದಂತೆ ನೆಟ್ಟಗೆ. ರಸ್ತೆಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಾರೆ. ಹೆಸರು ಯಾಕೆ ಬಂತು ಎಂದು ಕಾರೇಹಳ್ಳಿಯಲ್ಲಿ ಕೇಳಿದರೆ ಮೊದಲು ಗುಂಡಿಗೆರೆಯವರ ಏಳು ತಲೆಮಾರನ್ನು ಬೈಯುತ್ತಾರೆ, ಆಮೇಲೆ ಕುಡಿಯಲು ನೀರು ಕೊಡುತ್ತಾರೆ. ಗುಂಡಿಗೆರೆಯಲ್ಲಿ ಕೇಳಿದರೆ ಕಾರೇಹಳ್ಳಿಯವರನ್ನು ಬೈಯುತ್ತಾರೆ, ನೀರೂ ಕೊಡುವುದಿಲ್ಲ. ಇಬ್ಬರ ಬೈಗುಳವನ್ನೂ ಸೋಸಿದರೆ ಉಳಿಯುವ ಕಥೆ ಹೀಗಿದೆ.

ಹಿಂದೆ ಒಮ್ಮೆ, ಎರಡೂ ಊರಿನ ನಡುವೆ ಇನ್ನೂ ಹೆಣ್ಣು ಕೊಟ್ಟು ತರುವುದು ಇದ್ದ ಕಾಲದಲ್ಲಿ, ಗುಂಡಿಗೆರೆಯ ದಾನಕ್ಕ ಎಂಬವಳು ಕಾರೇಹಳ್ಳಿಯ ಕಾಟಯ್ಯನ ಮನೆ ತುಂಬಿದಳು. ಈ ಕಾಟಯ್ಯ ಎಂಥವನೆಂದರೆ, ಅಣ್ಣ ಬೋರಯ್ಯ ಎದುರಿಗಿದ್ದರೆ ಕೆಮ್ಮುವುದಕ್ಕೂ ಅಪ್ಪಣೆ ಬೇಕು. ಮದುವೆಯಾಗಿ ಆರು ವರ್ಷವಾದರೂ ದಾನಕ್ಕನಿಗೆ ಮಕ್ಕಳಾಗಲಿಲ್ಲ. ತವರಿನಲ್ಲಿ ಅವಳ ಅಣ್ಣ ಪಾಲಯ್ಯ, ಗುಡ್ಡದ ಮೂಡಲಿಗಿದ್ದ ಕೊಳ್ಳದಮ್ಮನಿಗೆ ಕೈ ಮುಗಿದು, ತಂಗಿಗೆ ಕೂಸಾದರೆ ಅದರ ಹುಟ್ಟುಗೂದಲು ನಿನ್ನದು ಎಂದು ಹರಕೆ ಹೊತ್ತ. ಇತ್ತ ಭಾವ ಬೋರಯ್ಯ, ಪಡುವಲಿಗಿದ್ದ ಬಂಡೆರಂಗಪ್ಪನಿಗೆ ಅದೇ ಕೂಸಿನ ಅದೇ ಕೂದಲನ್ನು ಬರೆದುಕೊಟ್ಟ. ಹೆರಬೇಕಾದವಳನ್ನು ಇಬ್ಬರೂ ಒಂದು ಮಾತು ಕೇಳಲಿಲ್ಲ. ತಾಯಿಯ ಹೊಟ್ಟೆಯಿಂದಲೇ ಬಂದ ಕೂದಲು ಮೈಲಿಗೆಯದು, ಅದನ್ನು ದೇವರಿಗೆ ಒಪ್ಪಿಸಿ ಜವಳ ಮುಗಿಸಿದ ಮೇಲೆಯೇ ಕೂಸು ಮನೆಯದಾಗುತ್ತದೆ ಎಂಬುದು ಎರಡೂ ಕಡೆಯ ನಂಬಿಕೆ. ಹುಟ್ಟಿದ್ದು ಹೆಣ್ಣು. ತಲೆಯ ತುಂಬ ಒಣಗಿದ ಗರಿಕೆಯ ಬಣ್ಣದ ಕೆಂಚು ಕೂದಲು. ಅದಕ್ಕೇ ಕೆಂಚಿ ಎಂದು ಕರೆದರು.

ಜವಳ ಯಾವ ಗುಡಿಯಲ್ಲಿ ಎಂಬ ಜಗಳ ಬಗೆಹರಿಯದೆ ಕೊನೆಗೆ ಗುಡ್ಡದ ನೆತ್ತಿಯ ಚಪ್ಪಟೆ ಬಂಡೆಯ ಮೇಲೆ ಮಾಡುವುದೆಂದಾಯಿತು. ಎರಡೂ ಊರಿಗೆ ತಲೆ ಬೋಳಿಸುತ್ತಿದ್ದ ಕ್ಷೌರದ ಈರಜ್ಜ ಬಂದ. ಸಂಪ್ರದಾಯದಂತೆ ಸೋದರಮಾವ ಪಾಲಯ್ಯನ ತೊಡೆಯ ಮೇಲೆ ಕೂಸು ಕೂತಿತು. ಈರಜ್ಜ ನೀರು ಹಚ್ಚಿ ಬಲಗಡೆಯಿಂದ ಶುರು ಮಾಡಿ ನಡುನೆತ್ತಿಗೆ ಬಂದಿದ್ದ. ಅಷ್ಟರಲ್ಲಿ ಬೋರಯ್ಯ ಕಂಬಳಿ ಸರಿಮಾಡಿಕೊಳ್ಳುತ್ತ ಕೇಳಿದ.

"ಪಾಲಯ್ಯ, ಈ ಕೂದಲು ಯಾವ ಕಡೆ ಇಳೀತದೆ?"

"ಇದೇನು ಕೇಳ್ತೀರಿ ಬೀಗರೇ? ಸೋದರಮಾವನ ಮಡಿಲಿಗೆ ಬಿದ್ದದ್ದು ನಮ್ಮ ಅಮ್ಮಂಗೆ."

"ಓಹೋ! ಕೂಸು ಹುಟ್ಟಿದ್ದು ನಿಮ್ಮನೆ ಜಗಲಿ ಮೇಲಾ?"

"ಹುಟ್ಟಿಸಿದ್ದು ನಮ್ಮಮ್ಮ. ನಿಮ್ಮ ರಂಗಪ್ಪನ್ನ ನೆಚ್ಚಿಕೊಂಡು ಆರು ವರ್ಷ ತೊಟ್ಟಿಲು ಬರೀ ಗಾಳಿ ತೂಗ್ತಿತ್ತು."

ದೇವರಿಗೆ ತಗುಲಿದ ಮಾತು ಮನುಷ್ಯರಿಗೆ ತಗುಲಲು ಎಷ್ಟು ಹೊತ್ತು? ಮೊದಲು ಪಂಚೆ ಎತ್ತಿ ಕಟ್ಟಿದರು, ಆಮೇಲೆ ಕಲ್ಲು ಎತ್ತಿದರು. ಈರಜ್ಜ ಕ್ಷೌರದ ಪೆಟ್ಟಿಗೆ ತಬ್ಬಿಕೊಂಡು ಹುಣಿಸೆಮರ ಹತ್ತಿದ. ದಾನಕ್ಕ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂಡೆಯ ಮರೆಗೆ ಓಡಿದಳು. ಧೂಳು ಇಳಿದು ನೋಡುವಾಗ ನಾಲ್ಕು ಜನರ ತಲೆ ಒಡೆದಿತ್ತು, ಕೆಂಚಿಯ ತಲೆ ಅರ್ಧ ಬೋಳಾಗಿತ್ತು, ಬಿದ್ದ ಕೂದಲಿನ ಗಂಟು ಪಾಲಯ್ಯನ ಸೊಂಟ ಸೇರಿತ್ತು.

ಆಮೇಲೆ ಎರಡೂ ಊರಿನ ಬುದ್ಧಿವಂತರು ಕೂತು ನ್ಯಾಯ ಮಾಡಿದರು. ಬುದ್ಧಿವಂತರು ಕೂತಲ್ಲಿ ಹೀಗೇ ಆಗುತ್ತದೆ. ಕಾರೇಹಳ್ಳಿಯವರು ಹೇಳಿದರು: ನಮ್ಮ ದೇವರು ಮಿಕ್ಕಿದ್ದು ತಿನ್ನುವವನಲ್ಲ, ಮೊದಲು ಬಲಗಡೆಯ ಕೂದಲು ವಾಪಸು ಬರಲಿ, ಇಡೀ ತಲೆ ಒಟ್ಟಿಗೆ ಕೊಡುತ್ತೇವೆ, ಅಲ್ಲಿಯವರೆಗೆ ಎಡಗಡೆಗೆ ಕತ್ತಿ ಸೋಕಕೂಡದು. ಗುಂಡಿಗೆರೆಯವರು ಹೇಳಿದರು: ಅಮ್ಮನಿಗೆ ಕೊಟ್ಟದ್ದು ವಾಪಸು ಬರುವುದಿಲ್ಲ, ಬಲಗಡೆ ಅಮ್ಮನದು, ಅದು ಅಮ್ಮನದೇ ಎಂದು ತೋರಲು ಅಮಾವಾಸ್ಯೆಗೊಮ್ಮೆ ಬೋಳಿಸುತ್ತಲೇ ಇರುತ್ತೇವೆ. ಹೀಗೆ ಒಂದು ಹಸುಗೂಸಿನ ತಲೆಯ ಮೇಲೆ ಊರ ಗಡಿ ಬಿತ್ತು. ಇದನ್ನು ಮುರಿದರೆ ಗಂಡನ ಮನೆ ಇಲ್ಲ ಎಂದು ಭಾವ ದಾನಕ್ಕನಿಗೆ ಹೇಳಿದ. ತವರೂ ಇಲ್ಲ ಎಂದು ಅಣ್ಣ ಹೇಳಿದ. ಕಾಟಯ್ಯ ಅಣ್ಣನ ಕಡೆ ನೋಡಿ ಕೆಮ್ಮಿದ.

ಒಂಬತ್ತು ವರ್ಷ ಹೀಗೇ ನಡೆಯಿತು ಎನ್ನುತ್ತಾರೆ. ಕೆಂಚಿಯ ಎಡ ಜಡೆ ಸೊಂಟಕ್ಕೆ ಇಳಿಯಿತು, ಬಲಗಡೆ ಮೊಟ್ಟೆ ಇಟ್ಟರೆ ಜಾರುವಂತಿತ್ತು. ತಿಂಗಳಿಗೊಮ್ಮೆ ಪಾಲಯ್ಯನ ಕಡೆಯವರು ಈರಜ್ಜನನ್ನು ಕರೆತಂದು ನೆತ್ತಿಯ ಬಂಡೆಯ ಮೇಲೆ ಬಲಗಡೆ ಬೋಳಿಸುವರು. ಬೋರಯ್ಯನ ಕಡೆಯವರು ದೊಣ್ಣೆ ಹಿಡಿದು, ಕತ್ತಿ ಬೈತಲೆ ದಾಟದಂತೆ ಕಾಯುವರು. ಮನೆಯಲ್ಲಿ ದಾನಕ್ಕ ಮಗಳ ತಲೆ ಬಾಚಲು ಕೂತರೆ ಬೋರಯ್ಯನ ಹೆಂಡತಿ ಎದುರಿಗೇ ಬಂದು ಕೂರುವಳು. ಕತ್ತರಿ ಕಂಡರೆ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ ಆ ವಾರಗಿತ್ತಿ, ಬಾಚಣಿಗೆಯಲ್ಲಿ ಬಂದದ್ದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಎಲ್ಲ ಹೆಂಗಸರಂತೆ ದಾನಕ್ಕ ಆ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ, ಕಾಲಡಿ ಬೀಳಬಾರದೆಂದು ಹಿತ್ತಲ ಗೋಡೆಯ ಸಂದಿನಲ್ಲಿ ತುರುಕುತ್ತಿದ್ದಳು. ಸೂಜಿ ಮಾರುವವಳು ಬಂದಾಗ ಮೇಲಿನ ಒಂದಿಷ್ಟು ಉಂಡೆ ಕೊಟ್ಟು ಸೂಜಿ ದಾರ ತೆಗೆದುಕೊಳ್ಳುತ್ತಿದ್ದಳು.

ಊರ ಹುಡುಗರು ಕೆಂಚಿಯನ್ನು ಕರೆಯುತ್ತಿದ್ದ ಹೆಸರೇ ಅರೆಬೋಳವ್ವ. ಈ ಕಡೆಯಿಂದ ನೋಡಿದರೆ ಮದುವಣಗಿತ್ತಿ, ಆ ಕಡೆಯಿಂದ ನೋಡಿದರೆ ಮುದುಕಪ್ಪ ಎಂದು ಹಾಡು ಕಟ್ಟಿದ್ದರು. ಅವಳು ಯಾವಾಗಲೂ ಬಲಗಡೆಯನ್ನು ಗೋಡೆಗೆ ಸವರಿಕೊಂಡೇ ನಡೆಯುವಳು. ಗೋಡೆ ಇಲ್ಲದ ಕಡೆ ಹೋಗುತ್ತಲೇ ಇರಲಿಲ್ಲ. ಒಂದು ಮಧ್ಯಾಹ್ನ ದಾನಕ್ಕ ಹೊಲದಿಂದ ಬರುವಾಗ ಮನೆಯೊಳಗೆ ಸುಟ್ಟ ವಾಸನೆ. ಕೆಂಚಿ ಒಲೆಯ ಮುಂದೆ ಕೂತು ಎಡ ಜಡೆಯನ್ನು ಬೆಂಕಿಗೆ ಹಿಡಿದಿದ್ದಳು. ಕಿವಿಯ ತುದಿ ಬೆಂದು ಬೊಬ್ಬೆ ಎದ್ದಿತ್ತು. ದಾನಕ್ಕ ನೀರು ಸುರಿದು, ಬಾಯಿಗೆ ಬಂದಂತೆ ಬೈದು, ಆಮೇಲೆ ಮಗಳನ್ನು ಮಡಿಲಿಗೆ ಎಳೆದುಕೊಂಡಳು.

"ಇನ್ನೊಂದು ಸಲ ಹಿಂಗೆ ಮಾಡ್ತೀಯೇನೇ?"

"ಮಾಡ್ತೀನಿ," ಎಂದಳು ಕೆಂಚಿ. "ಈ ಸಲ ಪೂರ್ತಿ."

ತಲೆ ಹೋದರೂ ಸರಿ, ಗಡಿ ಹೋಗಬಾರದು ಎನ್ನುವ ಈ ಗಂಡಸರ ನಡುವೆ ಮಗಳು ಉಳಿಯುವುದಿಲ್ಲ ಎಂಬುದು ದಾನಕ್ಕನಿಗೆ ಖಚಿತವಾಯಿತು. ಸುಟ್ಟು ಉದುರಿದ ಕೂದಲನ್ನು ಬಳಿದು ಗೋಡೆಯ ಸಂದಿಗೆ ತುರುಕಲು ಹೋದರೆ ಸಂದು ತುಂಬಿ ಬಿರಿದಿತ್ತು. ಸಿಟ್ಟಿನಿಂದ ಕೈ ಹಾಕಿ ಎಳೆದಳು. ಉಂಡೆಯ ಹಿಂದೆ ಉಂಡೆ ಈಚೆಗೆ ಬಂತು. ಮೊದಲು ಬಂದದ್ದೆಲ್ಲ ಕಾಡಿಗೆಯಂತೆ ಕಪ್ಪು. ಇನ್ನೂ ಒಳಗೆ ಹೋದಂತೆ ಕಂದು. ಎಲ್ಲಕ್ಕಿಂತ ತಳದಲ್ಲಿ ಧೂಳು ಮುಚ್ಚಿ ಕೂತಿದ್ದವು ಒಣಗಿದ ಗರಿಕೆಯ ಬಣ್ಣದವು. ದಾನಕ್ಕ ಒಂದು ಉಂಡೆಯನ್ನು ಕೆಂಚಿಯ ಜಡೆಯ ಪಕ್ಕ ಹಿಡಿದು ನೋಡಿದಳು. ಜಡೆಯಲ್ಲಿ ಬುಡದಿಂದ ತುದಿಯವರೆಗೆ ಹುಡುಕಿದರೂ ಒಂದು ಕೆಂಚು ಎಳೆ ಇರಲಿಲ್ಲ.

ನೆಟ್ಟಗೆ ಈರಜ್ಜನ ಮನೆಗೆ ಹೋಗಿ ಉಂಡೆಯನ್ನು ಅವನ ಮುಂದಿಟ್ಟಳು. ಮುದುಕ ಅದನ್ನು ನೋಡಿ ಬಾಗಿಲು ಹಾಕಿಕೊಂಡು ಬಂದ.

"ಕೂದಲಿಗೂ ಆಯಸ್ಸು ಅಂತ ಇರ್ತದೆ ಕಣವ್ವ. ಒಂದೊಂದು ಎಳೆ ನಾಲ್ಕೈದು ವರ್ಷ, ಹೆಚ್ಚೆಂದರೆ ಆರು. ತಿಂಗಳಿಗೆ ಅರ್ಧ ಬೆರಳಗಲ ಬೆಳೀತದೆ, ದಿನ ತುಂಬಿದ ಮೇಲೆ ತಾನೇ ಉದುರಿ ಅದೇ ಗುಳಿಯಲ್ಲಿ ಬೇರೇದು ಹುಟ್ತದೆ. ಹೊರಗೆ ಕಾಣೋದೆಲ್ಲ ಸತ್ತ ಮಾಲು, ಅದಕ್ಕೇ ಕೊಯ್ದರೆ ನೋಯಲ್ಲ. ಜೀವ ಇರೋದು ಬುಡದಾಗೆ ಮಾತ್ರ. ಕೂಸಿನ ಕೂದಲಂತೂ ಇನ್ನೂ ಬೇಗ ಹೋಗ್ತದೆ. ನಿನ್ನ ಮಗಳ ಹುಟ್ಟುಗೂದಲು ಹೋಗಿ ಎಷ್ಟು ಕಾಲ ಆಯ್ತೋ."

"ಗೊತ್ತಿದ್ದೂ ಬಾಯಿ ಬಿಡಲಿಲ್ಲವಲ್ಲ ಮುದುಕಪ್ಪ! ನಿನ್ನ ಕತ್ತಿಗೆ ತುಕ್ಕು ಹಿಡಿಯ!"

"ಬಾಯಿ ಬಿಟ್ಟಿದ್ದರೆ ಈ ಕಡೆಯೋರು ಹಲ್ಲು ಉದುರಿಸ್ತಿದ್ದರು, ಆ ಕಡೆಯೋರು ನಾಲಿಗೆ ಕೀಳ್ತಿದ್ದರು. ಉದುರಿದರೆ ಮತ್ತೆ ಬೆಳೆಯೋದು ಕೂದಲು ಒಂದೇ ಕಣವ್ವ."

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಎಂದಿನಂತೆ ಎರಡೂ ಊರಿನವರು ನೆತ್ತಿ ಹತ್ತಿದರು. ದಾನಕ್ಕ ಮಗಳನ್ನು ಬಂಡೆಯ ಮೇಲೆ ಕೂರಿಸಿ, ಸೆರಗಿನ ಗಂಟು ಬಿಚ್ಚಿ, ಕೆಂಚು ಉಂಡೆಗಳನ್ನು ಸುರಿದಳು.

"ಭಾವ, ನೀವು ಕಾಯ್ತಿದ್ದ ಹುಟ್ಟುಗೂದಲು ಇಗೋ. ಹಿತ್ತಲ ಗೋಡೆಯಾಗೆ ಜಿರಲೆ ಜೊತೆ ಸಂಸಾರ ಮಾಡ್ತಿತ್ತು. ನಿಮ್ಮ ದೊಣ್ಣೆ ಕಾಯ್ತಿದ್ದದ್ದು ಮೂರನೇ ಬೆಳೆ."

ಬೋರಯ್ಯನ ಮುಖ ಕಪ್ಪಾಯಿತು. "ಎಲ್ಲ ಇಷ್ಟೇನಾ?"

"ಮಿಕ್ಕಿದ್ದು ಸೂಜಿಯವಳಿಗೆ ಕೊಟ್ಟೆ. ನೀವು ಹೊದ್ದಿರೋ ಕಂಬಳಿ ಹರಿದಾಗ ಹೊಲಿದದ್ದು ಅದೇ ಸೂಜಿಯಾಗೆ. ಬೇಕಾದರೆ ಕಂಬಳೀನೇ ರಂಗಪ್ಪಂಗೆ ಒಪ್ಪಿಸಿ."

ಪಾಲಯ್ಯ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ದಾನಕ್ಕ ಅವನ ಕಡೆ ತಿರುಗಿದಳು. "ನೀನ್ಯಾಕೆ ಹಲ್ಲು ಬಿಡ್ತೀಯಣ್ಣ? ನಿನ್ನ ಅಮ್ಮಂಗೆ ಹೋದದ್ದೂ ಮೊದಲ ದಿನದ್ದು ಮಾತ್ರ. ಆಮೇಲೆ ನೂರು ಸಲ ಬೋಳಿಸಿದ್ದು ಬರೀ ನಿನ್ನ ಜಂಬಕ್ಕೆ. ಕೂಸಿನ ನೆತ್ತಿ ಮೇಲೆ ಗಡಿಕಲ್ಲು ನೆಟ್ಟ ಗಂಡಸರು ನೀವು. ಥೂ!"

ಆಗ, ಒಂಬತ್ತು ವರ್ಷದಲ್ಲಿ ಮೊದಲ ಸಲ, ಎರಡೂ ಊರು ಒಂದಾದವು: ಅವಳನ್ನು ಬೈಯಲು. ದೇವರ ಸೊತ್ತು ಮಾರಿದವಳು ಎಂದರು, ಮನೆ ಮುರುಕಿ ಎಂದರು, ಇವಳಿಗೆ ಎರಡೂ ಬಾಗಿಲು ಮುಚ್ಚಿದವು ಎಂದರು. ಕಾಟಯ್ಯನೂ ಅಣ್ಣನ ಹಿಂದೆ ನಿಂತು ಒಂದೆರಡು ಮಾತು ಬೈದ. ಅವನ ಧ್ವನಿ ಕೇಳಿ ಕೆಲವರಿಗೆ ಆಶ್ಚರ್ಯವಾಯಿತು. ಈ ಒಗ್ಗಟ್ಟು ಬಹಳ ಹೊತ್ತು ಬಾಳಲಿಲ್ಲ. ಬಂಡೆಯ ಮೇಲಿದ್ದ ಉಂಡೆಗಳು ಹೇಗೂ ಹುಟ್ಟುಗೂದಲೇ ಅಲ್ಲವೇ ಎಂದು ಬೋರಯ್ಯ ಕೈ ಹಾಕಿದ. ಅಮ್ಮನದೂ ಅದರಲ್ಲಿದೆ ಎಂದು ಪಾಲಯ್ಯ ಅವನ ಕೈ ತಿರುಚಿದ. ಮತ್ತೆ ಪಂಚೆ ಎತ್ತಿ ಕಟ್ಟಿದರು. ಆ ದಿನದ ಹೊಡೆದಾಟದ ಮುಂದೆ ಮೊದಲಿನದು ಮಕ್ಕಳಾಟ ಎನ್ನುತ್ತಾರೆ. ದ್ವೇಷ ಎಲ್ಲಿಗೆ ಮುಟ್ಟಿತೆಂದರೆ, ತಮ್ಮ ಮರದ ನೆರಳು ಕಾರೇಹಳ್ಳಿಯ ದನಕ್ಕೆ ಸಿಕ್ಕೀತು ಎಂದು ಗುಂಡಿಗೆರೆಯವರು ಗುಡ್ಡದ ತಮ್ಮ ಮಗ್ಗುಲನ್ನು ತಾವೇ ಕಡಿದು, ಬೇರಿಗೂ ಬೆಂಕಿ ಇಟ್ಟು ಬೋಳು ಮಾಡಿದರು. ಮಳೆ ಬಂದು ಮಣ್ಣೂ ತೊಳೆದುಹೋಯಿತು.

ಆ ದಿನ ಹೊಡೆದಾಟದ ಗದ್ದಲದಲ್ಲೇ ದಾನಕ್ಕ ಈರಜ್ಜನ ಕೈಯಿಂದ ಕತ್ತಿ ಕಸಿದುಕೊಂಡಳು. ಹುಣಿಸೆಮರದ ಕಡೆ ಆಗಲೇ ಹೊರಟಿದ್ದ ಮುದುಕ ಒಂದೇ ಮಾತು ಹೇಳಿದ: "ಕತ್ತಿ ಮಲಗಿಸಿ ಹಿಡಿ, ಚರ್ಮ ಎಳೆದು ಹಿಡಿ." ದಾನಕ್ಕ ಹಾಗೇ ಮಾಡಿದಳು. ಕೆಂಚಿ ಅಲುಗದೆ ಕೂತಿದ್ದಳು. ಸುಟ್ಟು ಉಳಿದಿದ್ದ ಜಡೆ ಬಂಡೆಯ ಮೇಲೆ ಬಿತ್ತು; ಅದನ್ನು ಎತ್ತಿಕೊಳ್ಳಲು ಯಾವ ದೇವರ ಕಡೆಯವರಿಗೂ ಪುರಸತ್ತಿರಲಿಲ್ಲ. ಹುಡುಗಿ ಎರಡೂ ಕೈಯಲ್ಲಿ ತಲೆಯನ್ನು ಸವರಿಕೊಂಡಳು, ಎಡಗಡೆ, ಬಲಗಡೆ, ಮತ್ತೆ ಎಡಗಡೆ. "ಎರಡೂ ಒಂದೇ ಥರ ಐತೆ ಕಣವ್ವ," ಎಂದಳು. ತಾಯಿ ಮಗಳು ಮೂಡಲಿಗೂ ಇಳಿಯಲಿಲ್ಲ, ಪಡುವಲಿಗೂ ಇಳಿಯಲಿಲ್ಲ. ಗೋಡೆ ಎಂಬುದೇ ಇಲ್ಲದ ತೆಂಕಲ ಬಯಲಿನ ಕಡೆ ಕಾಲುದಾರಿ ಹಿಡಿದು ಹೋದರು. ಹುಡುಗಿ ಮುಂದೆ ನಡೆಯುತ್ತಿದ್ದಳು.

ಈಗ ಗುಡ್ಡ ಹತ್ತಿದವರಿಗೆ ಕಾಣುವುದು ಆ ಚಪ್ಪಟೆ ಬಂಡೆ, ಅದರ ನಡುವೆ ಉದ್ದಕ್ಕೆ ಒಂದು ಬಿರುಕು, ಆ ಕಡೆ ಈ ಕಡೆ ಎರಡು ಊರಿನವರು ಬಳಿದ ಎರಡು ಬಣ್ಣದ ಸುಣ್ಣ. ಪೂಜೆ ಇಲ್ಲ, ಜಾತ್ರೆ ಇಲ್ಲ. ಎರಡೂ ಊರಿನ ನಡುವೆ ಇಂದಿಗೂ ಹೆಣ್ಣು ಕೊಟ್ಟು ತರುವುದಿಲ್ಲ. ಹಿರಿಯರನ್ನು ಕೇಳಿದರೆ ಕಥೆಯನ್ನು ಹೊಡೆದಾಟಕ್ಕೇ ನಿಲ್ಲಿಸುತ್ತಾರೆ. ಅಂದು ಎಷ್ಟು ತಲೆ ಒಡೆಯಿತು ಎಂಬುದನ್ನು ಕಾರೇಹಳ್ಳಿಯಲ್ಲಿ ಒಂದು ಥರ, ಗುಂಡಿಗೆರೆಯಲ್ಲಿ ಇನ್ನೊಂದು ಥರ ಹೇಳುತ್ತಾರೆ. ತಾಯಿ ಮಗಳು ಏನಾದರು ಎಂದರೆ, "ಅದ್ಯಾರು ನೋಡಿದ್ದರು?" ಎನ್ನುತ್ತಾರೆ. ಕತ್ತಿ ಕಸಿದದ್ದು, ಜಡೆ ಬಿದ್ದದ್ದು, ತೆಂಕಲ ದಾರಿ, ಇದೆಲ್ಲ ಇದನ್ನು ಬರೆದವನು ಕಟ್ಟಿದ್ದು. ಹಿರಿಯರ ಕಥೆಯಲ್ಲಿ ಅವರಿಬ್ಬರೂ ಇನ್ನೂ ಆ ಬಂಡೆಯ ಮೇಲೆಯೇ ಕೂತಿದ್ದಾರೆ, ಸುತ್ತಲೂ ಕಲ್ಲು ಬೀಳುತ್ತಿದೆ.